ಬಿಟ್ಟುಹೋದ ಹೆಸರುಗಳಿಂದ ಆರಂಭಿಸಿ: ಮನೆತನದ ನಂಟಿನ ನಕ್ಷೆ ಬರೆಯುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ನಮ್ಮ ಅಜ್ಜನ ಮನೆಯಲ್ಲಿ ಹಿಸ್ಸೆಯ ಮಾತು ಬಂದಾಗ ಮಾಡಿಸಿದ ವಂಶವೃಕ್ಷದ ಪತ್ರದಲ್ಲಿ ಅಜ್ಜನ ಹೆಸರಿನ ಕೆಳಗೆ ಮೂವರು ಗಂಡುಮಕ್ಕಳ ಹೆಸರುಗಳಿದ್ದವು. ಇಬ್ಬರು ಅತ್ತೆಯಂದಿರ ಹೆಸರು ಇರಲಿಲ್ಲ. ಬೇಕೆಂದೇ ಯಾರೂ ಸುಳ್ಳು ಹೇಳಿರಲಿಲ್ಲ. ಮನೆಯವರು ತಮಗೆ ಸಹಜವೆನಿಸಿದ್ದನ್ನು ಹೇಳಿದ್ದರು, ಕಚೇರಿಯವರು ಹೇಳಿದ್ದನ್ನು ಬರೆದುಕೊಂಡಿದ್ದರು. ದೊಡ್ಡತ್ತೆ ಕನ್ನಡಕ ಹಾಕಿಕೊಂಡು ಆ ಕಾಗದವನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ, ‘ನಾ ಹುಟ್ಟಿದ್ದು ಇದೇ ಮನೇಲಿ ಹೌದಲ್ಲೋ ತಮ್ಮಾ?’ ಎಂದು ನನ್ನನ್ನು ಕೇಳಿದರು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೆ. ಅದು ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ನೋಡಿದ್ದು ಅಂದೇ.

ಮದುವೆ, ಕುಟುಂಬ, ಬಂಧುತ್ವ, ಸಾಮಾಜಿಕ ಅಸಮಾನತೆ ಎಂದು ಮಾನವಶಾಸ್ತ್ರದ ಪಠ್ಯಗಳು ನಾಲ್ಕು ಅಧ್ಯಾಯಗಳಲ್ಲಿ ಬಿಡಿಬಿಡಿಯಾಗಿ ಹೇಳುವ ಸಂಗತಿಗಳು ಒಂದು ಮನೆಯ ನಂಟಿನ ನಕ್ಷೆಯಲ್ಲಿ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಲಿ, ತಮ್ಮ ಮನೆತನದ ಬಗ್ಗೆ ತಿಳಿಯಬಯಸುವವರಿಗಾಗಲಿ, ಜಮೀನಿನ ಕಾಗದಪತ್ರಕ್ಕಾಗಿ ವಂಶಾವಳಿ ಬೇಕಾದವರಿಗಾಗಲಿ ಈ ನಕ್ಷೆಯನ್ನು ಸರಿಯಾಗಿ ಬರೆಯುವ ಕ್ರಮ ಒಂದೇ. ಯಾರ ಹೆಸರು ನೆನಪಿಗೆ ಬರುತ್ತದೆ ಎಂಬುದರಷ್ಟೇ ಗಮನವನ್ನು ಯಾರ ಹೆಸರು ಬಿಟ್ಟುಹೋಗುತ್ತದೆ ಎಂಬುದಕ್ಕೂ ಕೊಡಬೇಕು ಎನ್ನುವುದು ನನ್ನ ಆಗ್ರಹ.

ಐದು ಶಬ್ದಗಳಿಂದ ಆರಂಭ

ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಇಷ್ಟು ಸಾಕು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ಗಂಡ ಹೆಂಡಿರ ನಡುವೆ ಸಮಚಿಹ್ನೆ, ಮದುವೆ ಮುರಿದಿದ್ದರೆ ಅದರ ಮೇಲೊಂದು ಅಡ್ಡಗೆರೆ. ತಂದೆತಾಯಿಯಿಂದ ಮಕ್ಕಳಿಗೆ ಇಳಿಗೆರೆ, ಒಡಹುಟ್ಟಿದವರನ್ನು ಕೂಡಿಸಲು ಮೇಲೊಂದು ಅಡ್ಡಗೆರೆ. ತೀರಿಕೊಂಡವರ ಚಿಹ್ನೆಯನ್ನು ಓರೆಗೆರೆಯಿಂದ ಹೊಡೆಯಿರಿ. ಯಾರಿಂದ ಲೆಕ್ಕ ಶುರುವಾಯಿತೋ ಆ ವ್ಯಕ್ತಿಯ ಚಿಹ್ನೆಗೆ ಬಣ್ಣ ತುಂಬಿ, ಏಕೆಂದರೆ ನಂಟು ಯಾವಾಗಲೂ ಒಬ್ಬರ ಕಡೆಯಿಂದ ನೋಡಿದಾಗಲೇ ನಂಟು. ನಿಮ್ಮ ಅತ್ತೆ ನಿಮ್ಮ ಅಪ್ಪನಿಗೆ ತಂಗಿ, ನಿಮ್ಮ ತಾಯಿಗೆ ನಾದಿನಿ.

ಈ ಪದ್ಧತಿಯನ್ನು ರೂಪಿಸಿದವರು ಡಬ್ಲ್ಯು. ಎಚ್. ಆರ್. ರಿವರ್ಸ್. ವೈದ್ಯರಾಗಿದ್ದ ಅವರು 1898ರಲ್ಲಿ ಕೇಂಬ್ರಿಜ್‌ನಿಂದ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ ಅಧ್ಯಯನ ತಂಡದಲ್ಲಿದ್ದರು. ಮುಂದೆ ನೀಲಗಿರಿಯ ತೋಡರ ನಡುವೆಯೂ ಇದೇ ಕ್ರಮದಲ್ಲಿ ವಂಶಾವಳಿಗಳನ್ನು ಕಲೆಹಾಕಿದರು. ಅವರಿಂದ ನಾವು ಕಲಿಯಬೇಕಾದ ಮುಖ್ಯ ಸೂತ್ರವೊಂದಿದೆ: ಮೊದಲ ಸುತ್ತಿನಲ್ಲಿ ತಂದೆ, ತಾಯಿ, ಮಗು, ಗಂಡ, ಹೆಂಡತಿ ಎಂಬ ಐದು ಶಬ್ದಗಳನ್ನು ಬಿಟ್ಟು ಬೇರಾವ ಸಂಬಂಧವಾಚಕವನ್ನೂ ಬಳಸಬಾರದು. ‘ನಿಮ್ಮ ಅಣ್ಣಂದಿರು ಎಷ್ಟು ಜನ?’ ಎಂದು ಕೇಳಿದರೆ ನಮ್ಮಲ್ಲಿ ದೊಡ್ಡಪ್ಪನ ಮಗನೂ ಅಣ್ಣನೇ, ದೊಡ್ಡಮ್ಮನ ಮಗನೂ ಅಣ್ಣನೇ, ಕೊನೆಗೆ ಪಕ್ಕದ ಮನೆಯವನೂ ಅಣ್ಣನೇ ಆಗಿ ನಕ್ಷೆ ಕಲಸಿಹೋಗುತ್ತದೆ. ‘ನಿಮ್ಮ ತಾಯಿಗೆ ಎಷ್ಟು ಮಕ್ಕಳು, ಮೊದಲನೆಯದು ಗಂಡೋ ಹೆಣ್ಣೋ, ಉಳಿಯದೆ ಹೋದವು ಎಷ್ಟು?’ ಎಂದು ಕೇಳಿದರೆ ಉತ್ತರ ಖಚಿತವಾಗಿರುತ್ತದೆ.

ಪ್ರಶ್ನೆಯನ್ನು ‘ನಿಮ್ಮ ತಾಯಿಗೆ’ ಎಂದೇ ಕೇಳಬೇಕು. ಅಪ್ಪನಿಗೆ ಎಷ್ಟು ಮಕ್ಕಳು ಎಂದು ಕೇಳಿದಲ್ಲೆಲ್ಲ ನನಗೆ ಮೊದಲು ಸಿಕ್ಕಿದ್ದು ಗಂಡುಮಕ್ಕಳ ಎಣಿಕೆ. ತಾಯಿಯಿಂದ ಎಣಿಸಿದಾಗ ಹೆಣ್ಣುಮಕ್ಕಳು, ತೊಟ್ಟಿಲಲ್ಲೇ ತೀರಿಕೊಂಡ ಕೂಸುಗಳು, ಮೊದಲ ಹೆಂಡತಿ ಸತ್ತ ಮೇಲೆ ಬಂದ ಎರಡನೆಯವಳು, ಎಲ್ಲರೂ ತಾವಾಗಿಯೇ ನಕ್ಷೆಗೆ ಬಂದರು.

ಇಸವಿಗಳು ಹಿರಿಯರ ನಾಲಿಗೆಯ ಮೇಲೆ ಇರುವುದಿಲ್ಲ. ಊರು ನೆನಪಿಟ್ಟುಕೊಂಡ ಘಟನೆಗಳಿಗೆ ಹುಟ್ಟು, ಮದುವೆಗಳನ್ನು ತಗುಲಿಸಿ ಕೇಳಿ. ಅಂಕೋಲೆಯ ಕಡೆ 1930ರ ಉಪ್ಪಿನ ಸತ್ಯಾಗ್ರಹ, ಸಿದ್ದಾಪುರ ಮತ್ತು ಅಂಕೋಲಾ ಸೀಮೆಯಲ್ಲಿ 1932ರ ಕರನಿರಾಕರಣೆ, ಕಾರವಾರದವರಿಗೆ 1961ರ ಗೋವಾ ವಿಮೋಚನೆ, ಎಲ್ಲರಿಗೂ 1974ರ ಗೇಣಿ ಕಾಯ್ದೆ, ಶಿರಸಿ ಕಡೆಯವರಿಗೆ 1983ರ ಅಪ್ಪಿಕೋ ಚಳವಳಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಜಾತ್ರೆಯಂತೂ ಒಳ್ಳೆಯ ಗೂಟ: ‘ಈ ಕೂಸು ಹುಟ್ಟಿದ್ದು ಜಾತ್ರೆ ವರ್ಷವೋ, ಮಧ್ಯದ ವರ್ಷವೋ?’ ಎಂದರೆ ಅಜ್ಜಿಯರು ತಡವಿಲ್ಲದೆ ಹೇಳುತ್ತಾರೆ. ಕೇಳಲು ಹೋಗುವ ಕಾಲವನ್ನೂ ನೋಡಿಕೊಳ್ಳಬೇಕು. ಮೀನುಗಾರರ ಮನೆಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಮಳೆಗಾಲ ಅನುಕೂಲ, ದೋಣಿಗೆ ಹೋಗುವ ಗಂಡಸರು ಆಗ ದಡದಲ್ಲಿರುತ್ತಾರೆ. ಘಟ್ಟದ ಮೇಲೆ ಅಡಿಕೆ ಸುಲಿಯುವ ರಾತ್ರಿಗಳು ಉತ್ತಮ. ಕೈ ಮೆಟ್ಟುಗತ್ತಿಯ ಮೇಲೆ ಆಡುತ್ತಿರುವಾಗ ಹಳೆಯ ಮಾತುಗಳು ಯಾರೂ ಕೇಳದೆಯೇ ಹೊರಬರುತ್ತವೆ.

ಯಾರನ್ನು ಏನೆಂದು ಕರೆಯುತ್ತೀರಿ?

ನಕ್ಷೆ ಒಂದು ಹಂತಕ್ಕೆ ಬಂದ ಮೇಲೆ ಎರಡನೆಯ ಸುತ್ತು. ಈಗ ಪ್ರತಿ ಚಿಹ್ನೆಯ ಮೇಲೆ ಬೆರಳಿಟ್ಟು, ಇವರನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿ ಬರೆಯಿರಿ. ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಏಕೆಂದರೆ ಕನ್ನಡವೇ ಇಲ್ಲಿ ಪಾಠ ಹೇಳುತ್ತದೆ.

ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ. ಅಮ್ಮನ ಅಕ್ಕತಂಗಿಯರು ದೊಡ್ಡಮ್ಮ, ಚಿಕ್ಕಮ್ಮ. ಇವರು ಸಣ್ಣ ದೊಡ್ಡ ಅಪ್ಪ ಅಮ್ಮಂದಿರೇ ಆದ್ದರಿಂದ ಇವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಅಲ್ಲಿ ಮದುವೆಯ ಮಾತೇ ಇಲ್ಲ. ಆದರೆ ಅಮ್ಮನ ಅಣ್ಣತಮ್ಮ ಮಾವ, ಅಪ್ಪನ ಅಕ್ಕತಂಗಿ ಅತ್ತೆ. ಗಂಡನ ತಂದೆತಾಯಿಗೂ ಹೆಂಡತಿಯ ತಂದೆತಾಯಿಗೂ ನಮ್ಮಲ್ಲಿರುವ ಹೆಸರು ಇದೇ ಮಾವ, ಇದೇ ಅತ್ತೆ. ಅವರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ. ಅಳಿಯ ಎಂದರೆ ಮಗಳ ಗಂಡ, ಸೋದರಳಿಯನೂ ಅಳಿಯ; ಸೊಸೆಯ ಮಾತೂ ಹಾಗೆಯೇ. ಮಾವನ ಮಗಳನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಈ ಶಬ್ದಗಳಲ್ಲೇ ಅಡಗಿದೆ. ಮಾನವಶಾಸ್ತ್ರದಲ್ಲಿ ಇದಕ್ಕೆ ದ್ರಾವಿಡ ಬಂಧುತ್ವ ಪದ್ಧತಿ ಎನ್ನುತ್ತಾರೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಜಗತ್ತಿನ ಬಂಧುತ್ವ ಶಬ್ದಗಳನ್ನು ಹೋಲಿಸಿ ನೋಡಿದಾಗಲೇ ದಕ್ಷಿಣ ಭಾರತದ ಈ ಜೋಡಣೆ ಅವರ ಗಮನ ಸೆಳೆದಿತ್ತು. ಫ್ರಾನ್ಸಿನ ಲೂಯಿ ದ್ಯುಮೋ 1953ರಲ್ಲಿ ಇದನ್ನು ಬೇರೆ ದಿಕ್ಕಿನಿಂದ ವಿವರಿಸಿದರು: ಹುಟ್ಟಿನಿಂದ ಬಂದ ನಂಟು, ಮದುವೆಯಿಂದ ಬಂದ ನಂಟು ಎಂಬ ಎರಡು ಗುಂಪುಗಳಲ್ಲಿ ಎರಡನೆಯದೂ ತಲೆಮಾರಿನಿಂದ ತಲೆಮಾರಿಗೆ ಮುಂದುವರಿಯುತ್ತದೆ, ಹೀಗಾಗಿ ಮಾವ ಎನ್ನುವವನು ಮೊದಲಿಗೆ ಅಪ್ಪನ ಮೈದುನ ಎಂಬುದು ಅವರ ವಾದ. ಅದೇ ವರ್ಷ ಇರಾವತಿ ಕರ್ವೆ ಅವರು ಭಾರತದ ಬಂಧುತ್ವವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ವಿಂಗಡಿಸಿ ತೋರಿಸಿದರು.

ನಮ್ಮ ಜಿಲ್ಲೆ ಆ ವಲಯಗಳ ಗಡಿಯಲ್ಲಿದೆ. ಕಾರವಾರ, ಹಳಿಯಾಳದಲ್ಲಿ ಮರಾಠಿ ಮನೆಮಾತಿನವರನ್ನು ಕೇಳಿದರೆ ತಾಯಿಯ ಅಣ್ಣತಮ್ಮ ‘ಮಾಮಾ’, ಗಂಡನ ತಂದೆ ‘ಸಾಸರಾ’. ಎರಡಕ್ಕೂ ಬೇರೆ ಬೇರೆ ಶಬ್ದ. ಒಂದೇ ಓಣಿಯ ಎರಡು ಮನೆಗಳಲ್ಲಿ ಬಂಧುತ್ವದ ಎರಡು ವ್ಯಾಕರಣ ಸಿಗುವಂಥ ಊರುಗಳು ಎಲ್ಲ ಕಡೆ ಇರುವುದಿಲ್ಲ. ಆದ್ದರಿಂದ ಶಬ್ದವನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ; ತಾಯಿಯನ್ನು ‘ಆಯಿ’ ಎಂದರೆ ‘ಅಮ್ಮ’ ಎಂದು ತಿದ್ದಬೇಡಿ. ಶಬ್ದ ಇದ್ದಮಾತ್ರಕ್ಕೆ ಆ ಮದುವೆ ಈಗಲೂ ನಡೆಯುತ್ತದೆ ಎಂದು ಊಹಿಸುವುದೂ ತಪ್ಪು. ಎಷ್ಟು ಮದುವೆಗಳು ನಿಜವಾಗಿ ಸೋದರ ಸಂಬಂಧದಲ್ಲಿ ಆಗಿವೆ ಎಂಬುದನ್ನು ನಕ್ಷೆಯ ಗೆರೆಗಳಿಂದಲೇ ಎಣಿಸಬೇಕು. 1955ರ ಹಿಂದೂ ವಿವಾಹ ಕಾಯ್ದೆ ತಂದೆಯ ಕಡೆ ಐದು, ತಾಯಿಯ ಕಡೆ ಮೂರು ತಲೆಮಾರಿನೊಳಗಿನ ಸಪಿಂಡ, ಅಂದರೆ ಹತ್ತಿರದ ರಕ್ತಸಂಬಂಧಿಗಳ, ವಿವಾಹವನ್ನು ನಿಷೇಧಿಸಿದರೂ ರೂಢಿಗೆ ವಿನಾಯಿತಿ ಕೊಟ್ಟಿರುವುದರಿಂದಲೇ ನಮ್ಮ ಸೋದರ ಸಂಬಂಧದ ಮದುವೆಗಳು ಕಾನೂನುಬದ್ಧವಾಗಿವೆ.

ಒಲೆ ಮತ್ತು ಸೂತಕ

ಕುಟುಂಬ ಬೇರೆ, ಮನೆ ಬೇರೆ. ಜನಗಣತಿಯವರು ಮನೆವಾರ್ತೆಯನ್ನು ಎಣಿಸುವುದು ಒಂದೇ ಅಡುಗೆಮನೆಯ ಊಟದ ಮೇಲೆ. ಒಂದೇ ಮಾಡಿನ ಕೆಳಗೆ ಎರಡು ಒಲೆ ಉರಿದರೆ ಎರಡು ಮನೆವಾರ್ತೆ. ಬೆಂಗಳೂರಿನಲ್ಲಿದ್ದು ತಿಂಗಳು ತಿಂಗಳು ಹಣ ಕಳುಹಿಸುವ ಮಗ ಕುಟುಂಬದವನು, ಆದರೆ ಈ ಒಲೆಯವನಲ್ಲ. ನಕ್ಷೆಯಲ್ಲಿ ಒಂದೇ ಒಲೆಯಲ್ಲಿ ಉಣ್ಣುವವರ ಸುತ್ತ ಚುಕ್ಕೆಗೆರೆ ಎಳೆಯಿರಿ. ‘ಹಿಂದೆಲ್ಲ ಅವಿಭಕ್ತ ಕುಟುಂಬ, ಈಗೆಲ್ಲ ಒಡೆದುಹೋಗಿದೆ’ ಎಂಬ ಮಾತು ನಿಮ್ಮ ಮನೆಯ ಮಟ್ಟಿಗೆ ಎಷ್ಟು ನಿಜ ಎಂಬುದು ಮೂರು ತಲೆಮಾರಿನ ಚುಕ್ಕೆಗೆರೆಗಳನ್ನು ಹೋಲಿಸಿದರೆ ತಿಳಿಯುತ್ತದೆ.

ಕುಲದ ಎಲ್ಲೆ ತಿಳಿಯಲು ಸೂತಕದ ಲೆಕ್ಕಕ್ಕಿಂತ ನೇರವಾದ ದಾರಿ ನನಗೆ ಸಿಕ್ಕಿಲ್ಲ. ‘ನಿಮ್ಮ ಕುಲದವರು ಯಾರು?’ ಎಂದರೆ ಜನ ಯೋಚಿಸುತ್ತಾರೆ. ‘ಯಾರು ತೀರಿಕೊಂಡರೆ ನಿಮಗೆ ಸೂತಕ, ಎಷ್ಟು ದಿನ?’ ಎಂದರೆ ಕೂಡಲೇ ಉತ್ತರ ಬರುತ್ತದೆ. ಹತ್ತು ದಿನದ ಸೂತಕದವರು ದಾಯಾದಿಗಳು. ಬ್ರಾಹ್ಮಣ ಮನೆಗಳಲ್ಲಿ ಮದುವೆಯಾಗಿ ಹೋದ ಮಗಳಿಗೆ ಹೆತ್ತವರ ಸೂತಕ ಮೂರೇ ದಿನ ಎಂಬುದು ಶಾಸ್ತ್ರ. ಹೆತ್ತ ತಾಯಿ ಸತ್ತರೆ ಮಗಳಿಗೆ ಮೂರು ದಿನ, ಎಂದೂ ಮುಖ ನೋಡದ ಗಂಡನ ದಾಯಾದಿ ಸತ್ತರೆ ಹತ್ತು ದಿನ! ಹೆಣ್ಣು ಒಂದು ಕುಲದಿಂದ ಇನ್ನೊಂದಕ್ಕೆ ವರ್ಗವಾಗುತ್ತಾಳೆ ಎಂಬ ಪಿತೃವಂಶೀಯ ಪದ್ಧತಿಯ ತಿರುಳು ಈ ಮೂರು ಮತ್ತು ಹತ್ತರ ನಡುವೆ ಇದೆ.

ಗೋತ್ರ ಅಥವಾ ಬಳಿಯನ್ನು ಚಿಹ್ನೆಯ ಪಕ್ಕದಲ್ಲಿ ಬರೆಯಿರಿ. ಕರಾವಳಿಯ ಹಾಲಕ್ಕಿ ಒಕ್ಕಲಿಗರು ಮತ್ತು ಇತರ ಹಲವು ಸಮುದಾಯಗಳಲ್ಲಿ ಒಂದೇ ಬಳಿಯವರು ಒಡಹುಟ್ಟಿದವರಿದ್ದಂತೆ, ಅವರ ನಡುವೆ ಮದುವೆ ಕೂಡದು. ಬಳಿ ಅಪ್ಪನಿಂದ ಬರುತ್ತದೋ ಅಮ್ಮನಿಂದ ಬರುತ್ತದೋ ಎಂಬುದನ್ನು ಕೇಳದೆ ಬರೆಯಬೇಡಿ. ದಕ್ಷಿಣಕ್ಕೆ ಹೋದಂತೆ ತುಳುನಾಡಿನ ಅಳಿಯಸಂತಾನ ಪದ್ಧತಿಯ ಸಮುದಾಯಗಳಲ್ಲಿ ಅದು ತಾಯಿಯ ಕಡೆಯಿಂದ ಇಳಿಯುತ್ತದೆ.

ಮದುವೆ ಎಂಬ ಸಮಚಿಹ್ನೆ

ಎರಡು ಗೆರೆಯ ಈ ಚಿಹ್ನೆಯನ್ನು ಎಳೆಯುವುದು ಸುಲಭ, ವಿವರಿಸುವುದು ಕಷ್ಟ. ಕೇರಳದ ನಾಯರ್ ಸಮುದಾಯದ ಹಳೆಯ ಪದ್ಧತಿಯಲ್ಲಿ ಗಂಡಹೆಂಡಿರು ಒಟ್ಟಿಗೆ ವಾಸಿಸುತ್ತಲೇ ಇರಲಿಲ್ಲ. ಅಂಥ ಉದಾಹರಣೆಗಳಿಂದಾಗಿ ಎಡ್ಮಂಡ್ ಲೀಚ್ 1955ರಲ್ಲಿ, ಎಲ್ಲ ಸಮಾಜಗಳಿಗೂ ಒಪ್ಪುವ ಒಂದೇ ವ್ಯಾಖ್ಯೆ ಸಾಧ್ಯವಿಲ್ಲವೆಂದು, ಮದುವೆಯಿಂದ ಹುಟ್ಟಬಹುದಾದ ಹತ್ತು ಬಗೆಯ ಹಕ್ಕುಗಳನ್ನು ಪಟ್ಟಿ ಮಾಡಿದರು. ನಮ್ಮ ಕೆಲಸಕ್ಕೆ ಇದು ಬಹಳ ಉಪಯುಕ್ತ. ಪ್ರತಿ ಸಮಚಿಹ್ನೆಗೂ ಮೂರು ನಾಲ್ಕು ಪ್ರಶ್ನೆ ಕೇಳಿ: ಹುಟ್ಟಿದ ಮಕ್ಕಳು ಯಾರ ಕುಲಕ್ಕೆ ಸೇರಿದರು, ಹೆಂಗಸಿನ ದುಡಿಮೆಯ ಮೇಲೆ ಯಾರಿಗೆ ಅಧಿಕಾರ ಬಂತು, ಯಾವ ಆಸ್ತಿ ಕೈ ಬದಲಾಯಿತು, ಯಾವ ಎರಡು ಮನೆಗಳು ಬೀಗರಾದವು. ಹಳಬರ ಮದುವೆಗಳಲ್ಲಿ ಹಣ ಯಾವ ದಿಕ್ಕಿಗೆ ಹರಿಯಿತು ಎಂಬುದನ್ನು ಬಾಣದ ಗುರುತಿನಿಂದ ತೋರಿಸಿ. ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ‘ತೆರ’ ಕೊಡುತ್ತಿದ್ದ ಮನೆಗಳಲ್ಲೇ ಎರಡು ತಲೆಮಾರಿನ ಬಳಿಕ ಬಾಣ ತಿರುಗಿ ವರದಕ್ಷಿಣೆಯಾಗಿರುವುದನ್ನು ನೀವು ಕಾಣಬಹುದು. 1961ರ ಕಾಯ್ದೆ ನಿಷೇಧಿಸಿದ್ದರೂ ಆ ಲೆಕ್ಕ ಈಗ ಬಂಗಾರದ ಗ್ರಾಮಿನಲ್ಲಿ, ಮದುವೆ ಖರ್ಚಿನಲ್ಲಿ ಅಡಗಿರುತ್ತದೆ. ಗಂಡ ಸತ್ತವಳ ಮರುಮದುವೆಯನ್ನು ಕೂಡಿಕೆ, ಉಡಿಕೆ ಎಂದು ಬೇರೆ ಹೆಸರಿನಿಂದ ಕರೆದಿದ್ದರೆ ಆ ಹೆಸರನ್ನೇ ಬರೆಯಿರಿ, ಸಮಚಿಹ್ನೆಯನ್ನಂತೂ ತಪ್ಪಿಸಬೇಡಿ.

ನಕ್ಷೆಯಲ್ಲಿರುವ ಅಷ್ಟೂ ಮದುವೆಗಳಲ್ಲಿ ಜಾತಿಯ ಹೊರಗೆ ಆದವು ಎಷ್ಟು ಎಂದು ಎಣಿಸಿ. ಅಂಬೇಡ್ಕರ್ ಅವರು 1916ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಜಾತಿಯ ಜೀವಾಳವೇ ಒಳಮದುವೆ ಎಂದು ತೋರಿಸಿದರು. ಒಳಮದುವೆಯನ್ನು ಕಾಪಾಡಲು ಗಂಡುಹೆಣ್ಣಿನ ಸಂಖ್ಯೆ ಸರಿದೂಗಬೇಕಾಗಿ, ಅದಕ್ಕಾಗಿಯೇ ವಿಧವೆಯ ಮೇಲೆ ಬಲಾತ್ಕಾರದ ವೈಧವ್ಯವೂ ಎಳೆಯ ಹುಡುಗಿಯರ ಮೇಲೆ ಬಾಲ್ಯವಿವಾಹವೂ ಹೇರಲ್ಪಟ್ಟವು ಎಂಬುದು ಅವರ ವಿಶ್ಲೇಷಣೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಇಂದು ಗಂಡುಗಳಿಗೆ ಹೆಣ್ಣು ಸಿಗುತ್ತಿಲ್ಲ ಎಂಬ ಕೊರಗನ್ನು ಕೇಳುವಾಗೆಲ್ಲ ನನಗೆ ಆ ಪ್ರಬಂಧ ನೆನಪಾಗುತ್ತದೆ. ಓದಿದ ಹೆಣ್ಣುಮಕ್ಕಳು ತೋಟದ ಮನೆಯನ್ನು ಒಪ್ಪುತ್ತಿಲ್ಲ ಎಂದು ಅವರನ್ನು ದೂರುವ ಬದಲು, ಆ ಮನೆಯ ಮೂರು ತಲೆಮಾರಿನ ಸೊಸೆಯಂದಿರ ದಿನಚರಿಯನ್ನೂ ಅವರ ಹೆಸರಿನಲ್ಲಿರುವ ಆಸ್ತಿಯನ್ನೂ ನಕ್ಷೆಯ ಪಕ್ಕದಲ್ಲಿ ಬರೆದು ನೋಡಬೇಕು.

ನೆಲದ ಬಣ್ಣ

ಈಗ ಪಹಣಿಯನ್ನು ತೆಗೆದುಕೊಂಡು, ಯಾರ ಹೆಸರಿನಲ್ಲಿ ಭೂಮಿಯಿದೆಯೋ ಅವರ ಚಿಹ್ನೆಗೆ ಹಸಿರು ತುಂಬಿ. ತ್ರಿಕೋನಗಳು ಹಸಿರಾಗಿ ವೃತ್ತಗಳು ಬಿಳಿಯಾಗಿಯೇ ಉಳಿದರೆ ವಿವರಣೆ ಹುಡುಕಬೇಕು. 1974ರ ಮಾರ್ಚ್ 1ರಂದು ಗೇಣಿ ಭೂಮಿ ಸರ್ಕಾರದ ವಶವಾಗಿ, ಫಾರ್ಮ್ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರರಿಗೆ ಭೂನ್ಯಾಯಮಂಡಳಿಯ ಮೂಲಕ ಒಡೆತನ ಸಿಕ್ಕಿತು. ಈ ಜಿಲ್ಲೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ದಿನಕರ ದೇಸಾಯಿಯವರ ನೇತೃತ್ವದಲ್ಲಿ ರೈತರು ದಶಕಗಳ ಕಾಲ ಹೋರಾಡಿದ್ದರು, ಅದಕ್ಕಾಗಿ ಬ್ರಿಟಿಷ್ ಸರ್ಕಾರ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಅಂಥ ದೊಡ್ಡ ಬದಲಾವಣೆಯಲ್ಲೂ ನಾನು ನೋಡಿದ ಮನೆಗಳಲ್ಲಿ ಅರ್ಜಿ ಹೋದದ್ದು ಯಜಮಾನನ ಹೆಸರಿನಲ್ಲಿ. ಅದೇ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸರ ವೃತ್ತ ಬಿಳಿಯಾಗಿಯೇ ಉಳಿಯಿತು.

ಕರ್ನಾಟಕ 1994ರಲ್ಲಿ, ಇಡೀ ದೇಶ 2005ರ ಸೆಪ್ಟೆಂಬರ್ 9ರಿಂದ, ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟವು. ಕರ್ನಾಟಕದ ತಿದ್ದುಪಡಿ ಅದಾಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು; 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಕಾನೂನು ಹೀಗಿದ್ದೂ ‘ಅರಿಶಿನ ಕುಂಕುಮಕ್ಕೆಂದು’ ಒಂದಿಷ್ಟು ಕೊಟ್ಟು ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಡೆದೇ ಇದೆ. ಅಂಥ ಪತ್ರವಿದ್ದರೆ ಅದರ ಇಸವಿಯನ್ನು ವೃತ್ತದ ಪಕ್ಕದಲ್ಲಿ ಬರೆಯಿರಿ.

ಕಾಡಂಚಿನ ಮನೆಗಳಿಗೆ ಈ ನಕ್ಷೆ ಬರಿಯ ಅಧ್ಯಯನವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಹಳೆಯ ದಾಖಲೆಯಲ್ಲಿರುವ ವ್ಯಕ್ತಿಯವರೆಗೆ ಹೋಗಿ ಮುಟ್ಟುವ ವಂಶಾವಳಿಯೂ ಹಿರಿಯರ ಲಿಖಿತ ಹೇಳಿಕೆಯೂ ಅಲ್ಲಿ ಸಾಕ್ಷ್ಯವಾಗುತ್ತವೆ. ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಅವರಿಗೆ ಈ ಮೂರು ತಲೆಮಾರಿನ ಷರತ್ತಿಲ್ಲ. ಪಟ್ಟಿಗೆ ಸೇರಲು ಇನ್ನೂ ಕಾಯುತ್ತಿರುವ ಹಾಲಕ್ಕಿಗಳಿಗೆ ಇದೆ. ಮದುವೆಯಾದವರಿಗೆ ಹಕ್ಕುಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಬರಬೇಕೆಂದು ಕಾಯ್ದೆ ಹೇಳುತ್ತದೆ, ಆದ್ದರಿಂದ ನಕ್ಷೆಯಲ್ಲಿ ಹೆಂಡತಿಯ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲ. ಅಣೆಕಟ್ಟು, ನೌಕಾನೆಲೆಗಳಿಗೆ ಊರು ಬಿಟ್ಟವರಿರುವ ಜಿಲ್ಲೆಯಲ್ಲಿ ‘ಒಂದು ಕುಟುಂಬ’ ಎಂದರೆ ಯಾರು ಎಂಬ ಪ್ರಶ್ನೆಗೆ ಪರಿಹಾರದ ಮೊತ್ತವೇ ಅಂಟಿಕೊಂಡಿರುತ್ತದೆ. 2013ರ ಭೂಸ್ವಾಧೀನ ಕಾಯ್ದೆ ವಿಧವೆ, ವಿಚ್ಛೇದಿತೆ, ಪರಿತ್ಯಕ್ತೆಯನ್ನೂ, ಗಂಡಾಗಲಿ ಹೆಣ್ಣಾಗಲಿ ಪ್ರತಿ ವಯಸ್ಕರನ್ನೂ ಬೇರೆ ಕುಟುಂಬವೆಂದೇ ಎಣಿಸುತ್ತದೆ. ಒಲೆಯ ಚುಕ್ಕೆಗೆರೆಯೂ ಕಾಯ್ದೆಯ ಕುಟುಂಬವೂ ಒಂದೇ ಅಲ್ಲ ಎಂಬುದನ್ನು ಮರೆಯಬೇಡಿ.

ನಂಟಿನ ಹೊರಗಿನವರು

ಮನೆಯೊಂದಿಗೆ ತಲೆಮಾರುಗಟ್ಟಲೆ ಬಾಳಿದ ಕೆಲಸದವರನ್ನು ಹಾಳೆಯ ಅಂಚಿನಲ್ಲಿ ಬರೆದು, ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂದು ದಾಖಲಿಸಿ. ಶಿರಸಿ ಸಮೀಪದ ಒಂದು ತೋಟದ ಮನೆಯಲ್ಲಿ ಕೊನೆಕೊಯ್ಲಿನ ದಿನ ನಾನು ಇದನ್ನು ಬರೆದುಕೊಂಡೆ. ಮರದಿಂದ ಇಳಿದು ಬಂದ ಅರವತ್ತು ದಾಟಿದ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು) ಅಂಗಳದಲ್ಲಿ ನಿಂತು, ಮನೆಯ ಇಪ್ಪತ್ತರ ಹುಡುಗನಿಗೆ ‘ಒಡೆಯರೇ, ಆ ಕಡೆ ಮರ ನಾಳೆಗೆ ಇಡೂದೇ?’ ಎಂದು ಕೇಳಿದರು. ಜಗಲಿಯ ಮೇಲೆ ಕುಳಿತಿದ್ದ ಹುಡುಗ ‘ಹೌದೋ, ನಾಳೆ ಬಾ’ ಎಂದ. ಒಂದು ಬಹುವಚನ, ಒಂದು ಏಕವಚನ, ಅಂಗಳ ಮತ್ತು ಜಗಲಿಯ ನಡುವಿನ ಎರಡು ಮೆಟ್ಟಿಲು. ವಯಸ್ಸಿಗೆ ಗೌರವ ಎಂಬ ನಮ್ಮ ಬಂಧುತ್ವದ ನಿಯಮ ಜಾತಿಯ ಮುಂದೆ ತಿರುಗುಮುರುಗಾಗುವುದು ಹೀಗೆ. ಆ ಹುಡುಗ ಕೆಟ್ಟವನಲ್ಲ, ಹಾಗೆ ಮಾತಾಡುವುದನ್ನು ಮನೆಯಲ್ಲಿ ಕೇಳಿ ಬೆಳೆದವನು. ಆದರೆ ತಿದ್ದಿಕೊಳ್ಳುವುದು ಅವನ ಕೈಯಲ್ಲೇ ಇದೆ ಎಂದು ನಾನು ಅವನಿಗೆ ಹೇಳಿದ್ದೇನೆ.

ಕೇಳುವಾಗ ಕೆಲವು ಎಚ್ಚರಿಕೆಗಳು ಬೇಕು. ದತ್ತು, ಬಿಟ್ಟುಹೋದ ಗಂಡ, ಜಾತಿ ಮೀರಿದ ಮದುವೆ ಇವುಗಳನ್ನು ನಾಲ್ಕು ಜನರ ಎದುರು ಕೇಳಬಾರದು. ‘ಇದನ್ನು ಬರೆಯಬೇಡ’ ಎಂದವರ ಮಾತಿಗೆ ಎರಡನೆಯ ಸಲ ಒತ್ತಾಯಿಸಬಾರದು. ಕಾಲೇಜಿಗೆ ಒಪ್ಪಿಸುವ ಪ್ರತಿಯಲ್ಲಿ ಹೆಸರುಗಳ ಬದಲು ಸಂಖ್ಯೆ ಹಾಕಿ. ಗಂಡಸರು ಹೇಳಿದ ನಕ್ಷೆಯನ್ನು ಅದೇ ಮನೆಯ ಸೊಸೆಯಂದಿರಿಗೂ ಕೊಟ್ಟುಹೋದ ಹೆಣ್ಣುಮಕ್ಕಳಿಗೂ ಬೇರೆಯಾಗಿ ತೋರಿಸಿ. ನಮ್ಮ ಮನೆಯ ನಕ್ಷೆಗೆ ಹನ್ನೊಂದು ಹೆಸರುಗಳು ಸೇರಿದ್ದು ಹೀಗೆ, ದೊಡ್ಡತ್ತೆಯ ಬಾಯಿಂದ, ಒಂದೇ ಮಧ್ಯಾಹ್ನದಲ್ಲಿ.

ಕೊನೆಗೆ ಮೂರು ಪ್ರತಿ ಮಾಡಿ. ಪ್ರತಿ ಹಾಳೆಯ ಮೂಲೆಯಲ್ಲಿ ಮಾಹಿತಿ ಕೊಟ್ಟವರ ಹೆಸರು, ಅವರ ವಯಸ್ಸು, ಬರೆದ ದಿನಾಂಕ ಇರಲಿ. ಒಂದು ಪ್ರತಿ ಮೂಲಮನೆಯ ಕಾಗದಪತ್ರದ ಪೆಟ್ಟಿಗೆಯಲ್ಲಿ, ಒಂದು ನಿಮ್ಮ ಬಳಿ, ಇನ್ನೊಂದು ಮದುವೆಯಾಗಿ ಹೊರಗೆ ಹೋದ ಮಗಳೊಬ್ಬಳ ಮನೆಯಲ್ಲಿ ಇರಬೇಕು. ನಾಡಕಚೇರಿಗೆ ವಂಶವೃಕ್ಷದ ಅರ್ಜಿ ಕೊಡುವ ದಿನ ಈ ಹಾಳೆಯನ್ನು ಜೊತೆಗೆ ಒಯ್ದು, ಅರ್ಜಿಯಲ್ಲಿ ಬರೆದ ಹೆಸರುಗಳನ್ನು ಇದರೊಂದಿಗೆ ಒಂದೊಂದಾಗಿ ತಾಳೆ ನೋಡಿ, ಆಮೇಲೆ ಸಹಿ ಮಾಡಿ.